ಹೆಣ್ಣು ನೋಡಲು ಬಂದವರಿಗೆ ರಾಜ್ಯಪಾಲರ ಅಧಿಕಾರ

ಕಳೆದ ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆಯ ನಂತರ, ಕಟಪಾಡಿಯ ಒಂದು ಮನೆಯಲ್ಲಿ, ತನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಹುಡುಗಿಯೊಬ್ಬಳು ರಾಜ್ಯಪಾಲರ ಅಧಿಕಾರಗಳನ್ನು ವಿವರಿಸಿದಳು.

ಸುದ್ದಿ ಇಷ್ಟೇ. ಅರ್ಧಕ್ಕೆ ನಾನೇ ಸಾಕ್ಷಿ. ಇನ್ನರ್ಧಕ್ಕೆ ಹುಡುಗಿಯ ಮೊಬೈಲಿನಲ್ಲಿ ರೆಕಾರ್ಡಿಂಗ್ ಇದೆ. ಬರೆಯಲು ಎರಡೂ ಮನೆಯವರು ಒಪ್ಪಿದ್ದಾರೆ, ಹೆಸರು ಬದಲಿಸಬೇಕೆಂಬ ಷರತ್ತಿನ ಮೇಲೆ. (ಒಬ್ಬರು ಮಾತ್ರ ‘ನನ್ನ ಹೆಸರು ಹಾಗೆಯೇ ಇರಲಿ, ಫೋಟೋ ಬೇಕಾದರೆ ಕೊಡ್ತೇನೆ’ ಎಂದರು. ಅವರದ್ದನ್ನೂ ಬದಲಿಸಿದ್ದೇನೆ.)

ಹುಡುಗಿ ಪ್ರಿಮಾ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಮುಗಿಸಿ ಐಎಎಸ್ ಪರೀಕ್ಷೆಯ ಹಿಂದೆ ಬಿದ್ದವಳು. ಅಪ್ಪ ಗ್ರೆಗರಿ, ಮನೆಯ ಸುತ್ತ ಮಲ್ಲಿಗೆ ಬೆಳೆಯುತ್ತಾರೆ. ಅಮ್ಮ ಸೆವ್ರಿನ್, ಮಗಳಿಗೆ ಮದುವೆಯಾಗಲಿ ಎಂದು ಹರಕೆ ಹೇಳಿಕೊಳ್ಳುತ್ತಾರೆ. ಪ್ರಿಲಿಮ್ಸ್ ಆಯಿತು, ಮೇನ್ಸ್ ಆಯಿತು, ದೆಹಲಿಯ ಸಂದರ್ಶನಕ್ಕೆ ಕರೆಯೂ ಬಂತು.

ಹಿಂದಿನ ಸಲವೂ ಬಂದಿತ್ತು. ಆಗ ಅಲ್ಲಿ ಕೇಳಿದ ಒಂದು ಪ್ರಶ್ನೆಗೆ ಅವಳಿಗೆ ಉತ್ತರ ತಿಳಿದಿರಲಿಲ್ಲ. ‘ಗೊತ್ತಿಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಕೇಳಿದ್ದೆಲ್ಲ ಗೊತ್ತಿದ್ದ ಪ್ರಶ್ನೆಗಳೇ. ಅವಕ್ಕೂ ಮಾತು ಹೊರಡಲಿಲ್ಲ. ಅಂತಿಮ ಪಟ್ಟಿಯಲ್ಲಿ ಹೆಸರೂ ಬರಲಿಲ್ಲ. ಈ ಸಲದ್ದು ಕೊನೆಯ ಅವಕಾಶ. ನಿಯಮದ ಪ್ರಕಾರ ಇನ್ನೊಮ್ಮೆ ಬರೆಯುವಂತಿಲ್ಲ.

ಈ ಅಭ್ಯರ್ಥಿಗಳ ಬಗ್ಗೆ ನನಗೆ ಮೊದಲಿನಿಂದಲೂ ವಿಶೇಷ ಗೌರವ. ಸಂಪಾದಕೀಯವನ್ನು ಕೊನೆಯ ಸಾಲಿನವರೆಗೆ ಓದುವವರು ಭೂಮಿಯ ಮೇಲೆ ಇವರು ಮಾತ್ರ. (ಬರೆದವರೂ ಎರಡನೇ ಸಲ ಓದಿರುವುದಿಲ್ಲ.) ಪತ್ರಿಕೆಯವರಾದ ನಾವು ರಾತ್ರಿ ಅವಸರದಲ್ಲಿ ಪುಟಕ್ಕೆ ತುಂಬಿದ್ದನ್ನು ಇವರು ಬೆಳಗ್ಗೆ ಹಳದಿ, ಹಸಿರು, ಗುಲಾಬಿ ಬಣ್ಣ ಬಳಿದು ಬಾಯಿಪಾಠ ಮಾಡುತ್ತಾರೆ. ಯಾವ ದೇಶದ ಜೊತೆ ಯಾವ ಒಪ್ಪಂದ, ಯಾವ ಹಕ್ಕಿ ಯಾವ ಅಭಯಾರಣ್ಯದಲ್ಲಿ, ಎಲ್ಲವೂ ತಲೆಯೊಳಗೆ. ಇಷ್ಟೆಲ್ಲ ಇಟ್ಟುಕೊಂಡವರಿಗೆ ‘ಗೊತ್ತಿಲ್ಲ’ ಎನ್ನುವುದು ಸುಲಭವೇ?

ನನ್ನನ್ನು ಇದಕ್ಕೆ ಎಳೆದವನು ನಿಹಾಲ್. ಕಾಪುವಿನ ಬ್ಯಾರಿ ಹುಡುಗ, ಪ್ರಿಮಾಳ ಜೊತೆ ಓದುವವನು. ಈ ಸಲ ಮೇನ್ಸ್‌ನಲ್ಲಿ ಅವನದು ಹೋಗಿತ್ತು. ಅವಳದಾದರೂ ಹೋಗಬಾರದೆಂದು ಹಟ ಹಿಡಿದು ಫೋನ್ ಮಾಡಿದ್ದ.

“ಸರ್, ಗುರುತಿನವರ ಎದುರು ಅವಳಿಗೆ ಎಂತ ತೊಂದರೆಯೂ ಇಲ್ಲ. ಗುರುತಿಲ್ಲದ ಮೂರು ಜನ ಎದುರು ಕೂತರೆ ಆಯ್ತು, ಕಲ್ಲು. ಅದಕ್ಕೇ ಭಾನುವಾರ ಹನ್ನೊಂದಕ್ಕೆ ಅವಳ ಮನೆಯಲ್ಲೇ ಒಂದು ಮಾಕ್ ಇಂಟರ್‌ವ್ಯೂ ಇಟ್ಟಿದ್ದೇನೆ. ನೀವು ಬರ್ಬೇಕು.”

“ನಾನು ಬಂದು ಎಂತ ಕೇಳುವುದು ಮಾರಾಯ?”

“ಎಂತ ಬೇಕಾದ್ರೂ ಕೇಳಿ. ಮುಖ ಮಾತ್ರ ಸ್ವಲ್ಪ ಗಂಟು ಹಾಕ್ಬೇಕು. ನಿಮಗದು ಕಷ್ಟ ಇಲ್ಲ ಅಲ್ವಾ?”

ನಿಹಾಲನ ಈ ಅಣಕು ಸಂದರ್ಶನದ ಮಂಡಳಿಯಲ್ಲಿ ಮೂವರು. ಮಣಿಪಾಲದ ಒಬ್ಬರು ಪ್ರೊಫೆಸರ್ ಮೇಡಂ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮ್ಯಾನೇಜರ್, ಮತ್ತು ನಾನು. ಅವನ ನಿಯಮಗಳು ಬಿಗಿ. ಬರುವವರು ಯಾರೆಂದು ಪ್ರಿಮಾಳಿಗೆ ಹೇಳುವುದಿಲ್ಲ. ಬಂದವರು ಪರಿಚಯ ಮಾಡಿಕೊಳ್ಳುವುದಿಲ್ಲ. ಅವಳು ಸೀರೆ ಉಟ್ಟು, ಫೋನಿನ ನೆಟ್‌ವರ್ಕ್ ಆಫ್ ಮಾಡಿ, ರೆಕಾರ್ಡಿಂಗ್ ಆನ್ ಮಾಡಿ ಒಳಗೆ ಬರಬೇಕು. ಸಂದರ್ಶನಕ್ಕೆ ಅವಳು ಆರಿಸಿಕೊಂಡ ಭಾಷೆ ಕನ್ನಡ. ಮಂಡಳಿಯವರು ಗಲಿಬಿಲಿ ಮಾಡಲು ಬೇರೆ ಯಾವ ಭಾಷೆಗೆ ಹಾರಿದರೂ ಅವಳು ಕನ್ನಡ ಬಿಡಬಾರದು.

ಇತ್ತ ಸೆವ್ರಿನ್ ಬಾಯಿಯವರದ್ದೂ ಒಂದು ಏರ್ಪಾಟು ಇತ್ತು. ಕಾರ್ಕಳದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ರಾನ್ಸನ್, ಪಿಯು ಕಾಲೇಜಿನಲ್ಲಿ ಗಣಿತ ಮೇಷ್ಟ್ರು. ಅವನ ಅಪ್ಪ, ಅಮ್ಮ, ದೊಡ್ಡಪ್ಪ ಅದೇ ಭಾನುವಾರ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಮಗಳಿಗೆ ಹೇಳಿರಲಿಲ್ಲ. ಹೇಳಿದರೆ ಅವಳು ಲೈಬ್ರರಿಗೆ ಓಡುತ್ತಾಳೆ ಎಂಬುದು ಅಮ್ಮನ ಅನುಭವ.

ಕಾರ್ಕಳದವರಿಗೆ ಆ ದಿನ ಕಟಪಾಡಿ ಹತ್ತಿರದ ಇಗರ್ಜಿಯಲ್ಲಿ ಒಂದು ನಾಮಕರಣ. ಅದು ಬೇಗ ಮುಗಿಯಿತು. ಸಂಜೆವರೆಗೆ ಯಾಕೆ ಕಾಯುವುದು, ಈಗಲೇ ಹೋಗುವ ಎಂದು ಹನ್ನೊಂದಕ್ಕೆ ಸರಿಯಾಗಿ ಬಂದರು.

ನಾವು? ನಾವು ಆದಿ ಉಡುಪಿಯಲ್ಲಿ ಮ್ಯಾನೇಜರರಿಗಾಗಿ ಕಾಯುತ್ತಿದ್ದೆವು.

ಗ್ರೆಗರಿ ಸ್ನಾನಕ್ಕೆ ಹೋಗಿದ್ದರು. ಸೆವ್ರಿನ್ ಬಾಯಿ ಹಿಂದಿನ ಅಡುಗೆಕೋಣೆಯಲ್ಲಿ ಮಿಕ್ಸಿ ತಿರುಗಿಸುತ್ತಿದ್ದರು. ಪ್ರಿಮಾ ಕಿಟಕಿಯಿಂದ ನೋಡಿದಳು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ, ಗಂಭೀರ ಮುಖದ, ಗುರುತಿಲ್ಲದ ಮೂವರು ಗೇಟು ದಾಟಿ ಬರುತ್ತಿದ್ದರು. ಬಾಗಿಲು ತೆರೆದು ಅವರನ್ನು ಕೂರಿಸಿ ಒಳಗೆ ಹೋದಳು. ಫೈಲ್ ಹಿಡಿದು ಮರಳಿ ಬಂದು, ತನ್ನದೇ ಮನೆಯ ಒಳಬಾಗಿಲು ತಟ್ಟಿದಳು.

ಇನ್ನು ರೆಕಾರ್ಡಿಂಗ್.

“ಒಳಗೆ ಬರಬಹುದೇ ಸರ್?”

ಹುಡುಗನ ಅಮ್ಮ ಸ್ಟೆಲ್ಲಾ ಬಾಯಿಯ ದನಿ, ಕೊಂಕಣಿಯಲ್ಲಿ. ಬಾ ಮಗಾ, ನಿನ್ನದೇ ಮನೆ ಅಲ್ಲವಾ ಎಂದು.

ಇದು ಭಾಷೆಯ ಪರೀಕ್ಷೆ ಎಂದು ಪ್ರಿಮಾ ತಿಳಿದಳು. “ಧನ್ಯವಾದಗಳು ಮೇಡಂ. ಕುಳಿತುಕೊಳ್ಳಬಹುದೇ?” ಎಂದಳು, ಕನ್ನಡದಲ್ಲಿ. ಅವರು ಮತ್ತೆರಡು ಸಲ ಕೊಂಕಣಿಯಲ್ಲಿ ಮಾತಾಡಿಸಿ ನೋಡಿದರು. ಇವಳು ಜಗ್ಗಲಿಲ್ಲ. ಕೊನೆಗೆ ಪಾಪ, ಅವರೇ ಕನ್ನಡಕ್ಕೆ ಬಂದರು. ಕೊಂಕಣಿ ಮನೆಯಲ್ಲಿ, ಕೊಂಕಣಿ ಹುಡುಗಿಯನ್ನು ನೋಡಲು ಬಂದ ಕೊಂಕಣಿ ಜನ ಸಭೆಯಲ್ಲಿ ಭಾಷಣ ಮಾಡುವ ಕನ್ನಡದಲ್ಲಿ ಮಾತಾಡುತ್ತಾ ಕುಳಿತರು.

“ಅಡುಗೆ ಎಲ್ಲ ಉಂಟಾ?” ಸ್ಟೆಲ್ಲಾ ಬಾಯಿ ಕೇಳಿದರು. “ಈಗ ಗುಳ್ಳ ಬದನೆ ತಂದರೆ ಎಂತ ಮಾಡ್ತೀ?”

ಸ್ಥಳೀಯ ವಿಷಯದ ಪ್ರಶ್ನೆ! ಪ್ರಿಮಾ ಕಾಯುತ್ತಿದ್ದುದೇ ಅದಕ್ಕೆ. “ಮೇಡಂ, ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಉಡುಪಿ ಮಲ್ಲಿಗೆಗೂ ಇದೆ. ಇದರಿಂದ ಬೆಳೆಗಾರರಿಗೆ ಆಗುವ ಲಾಭಗಳನ್ನು ಹೇಳುವುದಾದರೆ…” ಹೇಳಿದಳು. ಸವಾಲುಗಳನ್ನೂ ಹೇಳಿದಳು. ಮುಂದಿನ ದಾರಿಯನ್ನೂ ಸೂಚಿಸಿದಳು.

ಸ್ಟೆಲ್ಲಾ ಬಾಯಿ ಪೂರ್ತಿ ಕೇಳಿದರು. “ಅದು ಸರಿ ಬಾಯ್. ಸಾರು ಮಾಡ್ಲಿಕ್ಕೆ ಬರ್ತದಾ?”

ರೆಕಾರ್ಡಿಂಗ್‌ನಲ್ಲಿ ಇಲ್ಲಿ ಮಿಕ್ಸಿಯ ಸದ್ದು ಮಾತ್ರ ಕೇಳುತ್ತದೆ. ಬಹಳ ಹೊತ್ತು. ದೆಹಲಿಯಲ್ಲಿ ಮಾತು ನಿಂತದ್ದೂ ಹೀಗೆಯೇ.

ಆಮೇಲೆ ಸಣ್ಣ ದನಿ. “ಗೊತ್ತಿಲ್ಲ ಮೇಡಂ.”

ಮೂವರೂ ನಕ್ಕರು. ಒಳ್ಳೆಯ ನಗು ಅದು, ಕೇಳಿದರೆ ತಿಳಿಯುತ್ತದೆ. ಸ್ಟೆಲ್ಲಾ ಬಾಯಿ ಎಂದರು, “ಬದುಕಿದೆವು ಮಾರಾಯ್ತಿ. ಇಷ್ಟರವರೆಗೆ ನಾವು ನೋಡಿದ ಹುಡುಗಿಯರಿಗೆಲ್ಲ ಎಲ್ಲ ಗೊತ್ತುಂಟು!”

ನೋಡಿದ ಹುಡುಗಿಯರು ಎಂದರೆ ಹಿಂದಿನ ಅಭ್ಯರ್ಥಿಗಳು ಎಂದುಕೊಂಡಳು ಪ್ರಿಮಾ.

ಅಲ್ಲಿಂದ ಅವಳ ದನಿಯೇ ಬೇರೆ. ಹುಡುಗನ ಅಪ್ಪ ಮಿತಭಾಷಿ, ಏನೂ ಕೇಳಲಿಲ್ಲ. ದೊಡ್ಡಪ್ಪ ಫೆಲಿಕ್ಸ್ ಹಾಗಲ್ಲ. ಊರಿನ ಎಲ್ಲದರ ಮೇಲೂ ದೂರು ಇರುವ ಮನುಷ್ಯ. ಆ ದೂರುಗಳನ್ನು ಯಾರಾದರೂ ಕೂತು ಕೇಳಿದ್ದು ಅವರ ಜೀವನದಲ್ಲಿ ಅದೇ ಮೊದಲಂತೆ. ಚರಂಡಿ ಕೇಳಿದರು, ಬೀದಿನಾಯಿ ಕೇಳಿದರು. ಪ್ರತಿಯೊಂದಕ್ಕೂ ತಕ್ಷಣದ ಕ್ರಮ ಇಂಥದ್ದು, ದೀರ್ಘಾವಧಿಯ ಕ್ರಮ ಇಂಥದ್ದು ಎಂದು ಉತ್ತರ ಬಂತು. ನಡುವೆ ಎರಡು ಕಡೆ “ಅದು ನನಗೆ ಗೊತ್ತಿಲ್ಲ ಸರ್, ತಿಳಿದುಕೊಳ್ಳುತ್ತೇನೆ” ಎಂದಳು. ತಡವರಿಸದೆ.

ನಾವು ಮೆಟ್ಟಿಲು ಹತ್ತುವಾಗ ಫೆಲಿಕ್ಸ್ ರಾಜಕೀಯಕ್ಕೆ ಬಂದಿದ್ದರು. ವಿಧಾನಸಭೆ ಪಾಸು ಮಾಡಿದ ಮಸೂದೆಯನ್ನು ರಾಜ್ಯಪಾಲರು ಏನೆಲ್ಲ ಮಾಡಬಹುದು ಎಂದು ಕೇಳಿದ್ದರು. ಪ್ರಿಮಾ ಬೆನ್ನು ನೆಟ್ಟಗೆ ಮಾಡಿ ಹೇಳುತ್ತಿದ್ದಳು: ಒಪ್ಪಬಹುದು, ತಡೆಹಿಡಿಯಬಹುದು, ಮರುಪರಿಶೀಲನೆಗೆ ಕಳಿಸಬಹುದು, ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಬಹುದು.

ಫೆಲಿಕ್ಸ್ ತಮ್ಮನ ಕಡೆ ತಿರುಗಿದರು. “ಇವಳು ಬೇಕು ಮಾರಾಯ. ಮನೆಗಲ್ಲ, ನಮ್ಮ ಪುರಸಭೆಗೆ.”

ನಿಹಾಲ್ ಬಾಗಿಲಲ್ಲೇ ನಿಂತ. “ಪ್ರಿಮಾ, ಇವರೆಲ್ಲ ಯಾರು?”

“ನೀನು ಕಳಿಸಿದ ಬೋರ್ಡ್ ಅಲ್ವಾ?”

“ಬೋರ್ಡ್ ಇಲ್ಲಿ ಉಂಟಲ್ಲ!” ಅವನು ನಮ್ಮನ್ನು ತೋರಿಸಿದ. ಅಷ್ಟರಲ್ಲಿ ಮಿಕ್ಸಿ ನಿಂತಿತು. ಸೆವ್ರಿನ್ ಬಾಯಿ ಕೈ ಒರೆಸುತ್ತಾ ಬಂದು ನೋಡಿ, “ಅಯ್ಯೋ ದೇವರೇ, ನಾಲ್ಕಕ್ಕೆ ಹೇಳಿದ್ದಲ್ವಾ!” ಎಂದರು.

ಪ್ರಿಮಾಳಿಗೆ ಈಗ ತಿಳಿಯಿತು. “ಮಮ್ಮಿ! ನನಗೊಂದು ಮಾತು ಹೇಳ್ಬಾರ್ದಾ?”

“ಹೇಳಿದ್ರೆ ನೀನು ಸೀರೆ ಉಡ್ತಿದ್ದಿಯಾ?”

“ಇದು ಉಟ್ಟದ್ದು ಮಾಕ್‌ಗೆ!”

ಗ್ರೆಗರಿ ತಲೆ ಒರೆಸಿಕೊಳ್ಳುತ್ತಾ ಬಂದವರು ಏನೆಂದು ಯಾರನ್ನೂ ಕೇಳಲಿಲ್ಲ. ನೋಡಿದರು, ಒಳಗೆ ಹೋಗಿ ಇನ್ನೂ ನಾಲ್ಕು ಕುರ್ಚಿ ತಂದರು.

ಮೊದಲು ನಕ್ಕವರು ಹುಡುಗನ ಅಪ್ಪ, ಅಷ್ಟು ಹೊತ್ತು ಒಂದು ಮಾತೂ ಆಡದವರು. ಆಮೇಲೆ ಎಲ್ಲರೂ. ಪ್ರಿಮಾ ಕೊನೆಗೆ. ಏಳಲು ಹೊರಟ ಸ್ಟೆಲ್ಲಾ ಬಾಯಿಯನ್ನು ಫೆಲಿಕ್ಸ್ ತಡೆದರು. “ಕೂತ್ಕೊ. ಇವರು ಎಂತ ಕೇಳ್ತಾರೆ ನೋಡುವ.”

ಹೀಗೆ ನಮ್ಮ ಮಾಕ್ ಇಂಟರ್‌ವ್ಯೂ ನಡೆದದ್ದು ಪ್ರೇಕ್ಷಕರ ಸಮೇತ, ಕೇಕು ಮತ್ತು ದ್ರಾಕ್ಷಿ ವೈನಿನ ಸಮೇತ. ಪ್ರೊಫೆಸರ್ ಮೇಡಂ ದಯೆ ತೋರುವವರಲ್ಲ. ಆರ್ಥಿಕತೆಯ ಮೇಲೆ ಒಂದು ಕಠಿಣ ಪ್ರಶ್ನೆ ಎಸೆದರು. ಪ್ರಿಮಾ ಅವರ ಕಣ್ಣು ನೋಡಿ “ಗೊತ್ತಿಲ್ಲ ಮೇಡಂ” ಎಂದಳು. ಮುಂದಿನ ಪ್ರಶ್ನೆಗೆ ಅಚ್ಚುಕಟ್ಟಾಗಿ ಉತ್ತರಿಸಿದಳು. ನಿಹಾಲ್ ಚಪ್ಪಾಳೆ ತಟ್ಟಿದ. ನಿಯಮ ಮಾಡಿದವನೇ ನಿಯಮ ಮುರಿದ.

ವೈನ್ ಲೋಟ ಹಿಡಿದು ನಾನು ಅವಳನ್ನು ಕೇಳಿದೆ. ದೆಹಲಿಯಲ್ಲಿ ಬಾರದ ಮಾತು ಇಲ್ಲಿ ಹೇಗೆ ಬಂತು?

“ಸಾರು ಸಿಲೆಬಸ್‌ನಲ್ಲಿ ಇಲ್ಲವಲ್ಲ ಸರ್. ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ಲಿಲ್ಲ. ಒಮ್ಮೆ ಹೇಳಿದ ಮೇಲೆ ಎಂತದೂ ಆಗ್ಲಿಲ್ಲ. ಅವರು ನಕ್ಕರು, ಅಷ್ಟೆ. ಮತ್ತೆ ಹೆದರಿಕೆ ಯಾಕೆ?”

ಯೋಚಿಸಿ. ‘ಗೊತ್ತಿಲ್ಲ’ ಎಂಬ ಮಾತನ್ನು ನೀವು ಕೊನೆಯ ಸಲ ಬೇರೆಯವರ ಬಾಯಲ್ಲಿ ಕೇಳಿದ್ದು ಯಾವಾಗ? ಕಟಪಾಡಿ ಜಂಕ್ಷನ್ನಿನಲ್ಲಿ ನಿಂತು ಯಾವುದೇ ಮನೆಯ ದಾರಿ ಕೇಳಿ. ಗೊತ್ತಿದ್ದವರೂ ಹೇಳುತ್ತಾರೆ, ಇಲ್ಲದವರೂ ಹೇಳುತ್ತಾರೆ, ಆ ಊರಿಗೆ ಅವತ್ತೇ ಬಸ್ಸಿನಿಂದ ಇಳಿದವರೂ ಕೈ ತೋರಿಸುತ್ತಾರೆ. ಟಿವಿ ಚರ್ಚೆಯಲ್ಲಿ ಕೂತವರಿಗೆ ಎಲ್ಲ ಗೊತ್ತು. ಫ್ಯಾಮಿಲಿ ಗ್ರೂಪಿನ ಮಾವನಿಗೆ ಅದಕ್ಕಿಂತ ಹೆಚ್ಚು ಗೊತ್ತು.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಮರ್ಯಾದೆಯ ವಾಕ್ಯ ಉಂಟು: ‘ಹೆಚ್ಚಿನ ವಿವರ ತಿಳಿದುಬಂದಿಲ್ಲ.’ ಡೆಸ್ಕಿಗೆ ಹೊಸದಾಗಿ ಬಂದವರು ಇದನ್ನು ಬರೆಯಲು ಹಿಂಜರಿಯುತ್ತಾರೆ. ಹಳಬರು ಧೈರ್ಯವಾಗಿ ಬರೆಯುತ್ತಾರೆ. ಪತ್ರಿಕೆಯಲ್ಲಿ ಪೂರ್ತಿ ನಂಬಬಹುದಾದ ವಾಕ್ಯ ಅದೊಂದೇ ಎಂದು ಮ್ಯಾನೇಜರ್ ಚುಚ್ಚಿದರು. (ಕೇಕು ಅವರ ಕೈಯಲ್ಲಿತ್ತು. ಬಿಟ್ಟುಬಿಟ್ಟೆ.)

ಹೊರಡುವಾಗ ಸ್ಟೆಲ್ಲಾ ಬಾಯಿ ಪ್ರಿಮಾಳ ಕೈ ಹಿಡಿದರು. ಈಗ ಮಾತು ಕೊಂಕಣಿಯಲ್ಲಿ. ಅದರ ಸಾರಾಂಶ: ನೀನು ದೆಹಲಿಗೆ ಹೋಗಿ ಬಾ, ನಮಗೆ ಅವಸರವಿಲ್ಲ. ಆದರೆ ನಾವು ನಿನ್ನನ್ನು ಇಷ್ಟು ಕೇಳಿದೆವು, ನೀನು ನಮ್ಮ ಹುಡುಗನನ್ನು ಕೇಳಬೇಡವೇ?

ಕೇಳಿದಳು. ಮರುವಾರ ಉಡುಪಿಯ ಒಂದು ಹೋಟೆಲಿನಲ್ಲಿ, ಗೋಳಿಬಜೆಯ ಎದುರು, ಬೋರ್ಡಿನ ಅಧ್ಯಕ್ಷತೆ ಪ್ರಿಮಾಳದ್ದು. ನಿಹಾಲ್ ದೂರದ ಮೇಜಿನಲ್ಲಿ ಕೂತು ನಡೆದದ್ದನ್ನು ನನಗೆ ವರದಿ ಮಾಡಿದ್ದಾನೆ. ಹುಡುಗ ಬೆವರಿದನಂತೆ. ಬೇರೆ ರಾಜ್ಯಕ್ಕೆ ಪೋಸ್ಟಿಂಗ್ ಆದರೆ ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ, ಗಣಿತ ಎಲ್ಲ ರಾಜ್ಯದಲ್ಲೂ ಒಂದೇ ಎಂದನಂತೆ. ಸಾರು ಮಾಡಲು ಬರುತ್ತದಾ ಎಂದು ಕೇಳಿದ್ದಕ್ಕೆ ಬರುತ್ತದೆ ಎಂದನಂತೆ.

ಪ್ರಿಮಾಳ ಸಂದರ್ಶನ ಕಳೆದ ಬುಧವಾರ ದೆಹಲಿಯಲ್ಲಿ ನಡೆಯಿತು. ಒಂದು ಪ್ರಶ್ನೆಗೆ ಗೊತ್ತಿಲ್ಲ ಎಂದಳು. ಉಳಿದವಕ್ಕೆ ಉತ್ತರಿಸಿದಳು. ಅಂತಿಮ ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ. ಹೊರಗೆ ಬಂದು ಅವಳು ಮೊದಲ ಫೋನ್ ಮಾಡಿದ್ದು ಅಮ್ಮನಿಗೆ. ಎರಡನೆಯದು ಕಾರ್ಕಳಕ್ಕೆ.