ಅಪ್ಪ ತೋಪಿಗೆ ಕೆನ್ನೆ ಒತ್ತಿದಾಗ

ಗೈಡ್ ಬೆರಳ ಗೆಣ್ಣಿನಿಂದ ತಟ್ಟಿದ್ದೇ ತಡ, ಅಷ್ಟು ದೊಡ್ಡ ತೋಪು ಗುಡಿಯ ಗಂಟೆಯಂತೆ ಗುಂಯ್ ಎಂದಿತು. ವಿಜಯಪುರದ ಕೋಟೆಗೋಡೆಯ ಗುಂಟ ಬೆಳಗಿನಿಂದ ನಡೆದು ದಣಿದಿದ್ದ ನಾವೆಲ್ಲ 'ಅಬ್ಬಾ' ಎಂದೆವು. ಅಪ್ಪ ಮಾತ್ರ ಸುಮ್ಮನೆ ನಿಂತಿದ್ದರು. ಇಂಡಿ ಕಡೆಯ ಬಾವಿಗಳಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸಿ ಸಿಡಿಸಿ ಅವರ ಕಿವಿ ಎಂದೋ ಹೋಗಿವೆ.

"ಇದನ್ನ ಹಾರಸಾಂವ ಕಿವಿ ಉಳಸ್ಕೊಳ್ಳಾಕ ಈ ನೀರಾಗ ಮುಳುಗ್ತಿದ್ದ ಅಂತಾರ್ರಿ," ಎಂದು ಗೈಡ್ ಪಕ್ಕದ ಕಲ್ಲಿನ ತೊಟ್ಟಿ ತೋರಿಸಿದ. ನಾನು ಅದನ್ನು ಕೈಸನ್ನೆಯಲ್ಲಿ ಅಪ್ಪನಿಗೆ ತಿಳಿಸಿದೆ. ಆ ತೊಟ್ಟಿಯನ್ನೇ ಬಹಳ ಹೊತ್ತು ನೋಡಿದ ಅವರು, ಮೆಲ್ಲಗೆ ಬಂದು ತೋಪಿಗೆ ಕೆನ್ನೆ ಒತ್ತಿ ನಿಂತರು. ಗೈಡ್‌ಗೆ ಏನನ್ನಿಸಿತೋ, ಇನ್ನೊಮ್ಮೆ ತಟ್ಟಿದ.

ಅಪ್ಪನ ಕಣ್ಣು ಅರಳಿದವು. "ಬಂತ ಯವ್ವಾ, ಬಂತು! ಹಲ್ಲಿನಾಗ ಕೇಳಾಕತ್ತೈತಿ!" ಎಂದು ಕೂಗಿದರು. ಬುರುಜಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಈಗ ನಮ್ಮ ಮನೆಯಲ್ಲಿ ಯಾರೂ ಅಪ್ಪನ ಕಿವಿಯಲ್ಲಿ ಕಿರುಚುವುದಿಲ್ಲ. ಊಟಕ್ಕೆ ಕರೆಯಬೇಕಾದರೆ ಅವರ ಕಬ್ಬಿಣದ ಮಂಚಕ್ಕೆ ಚಮಚದಿಂದ ಒಮ್ಮೆ ತಟ್ಟುತ್ತೇನೆ. ಮಲಗಿದ್ದಲ್ಲಿಂದಲೇ ನಗುತ್ತಾ ಕೇಳುತ್ತಾರೆ: "ತೋಪ ಹಾರಿಸಿದೇನ ಯವ್ವಾ?"