ಕೇಳದೆ ತೆಗೆದುಕೊಂಡ ದನಿ

ಕಳೆದ ವಾರ ಇಲ್ಲಿ ಮಸ್ಕತ್ತಿನ ಸೀಬ್ ಪೇಟೆಯ ಬೇಕರಿಯ ಮುಂದೆ ಹಾದುಹೋಗುವಾಗ ಬೆಣ್ಣೆಯಲ್ಲಿ ಬೆಂದ ಏಲಕ್ಕಿಯ ವಾಸನೆ ಬಂತು. ಕಾಲು ತಾನಾಗಿ ನಿಂತಿತು. ಹಿಂದೆ ಪಕ್ಕದ ಮನೆಯಲ್ಲಿದ್ದಾಕೆ ರಜೆಯ ಬೆಳಿಗ್ಗೆ ಮಾಡುತ್ತಿದ್ದ ಬನ್ನಿನ ವಾಸನೆ ಅದು...

ಆಕೆ ಡೆನ್ಮಾರ್ಕಿನವಳು. ಗಂಡ ಸೊಹಾರ್ ಬಂದರಿನಲ್ಲಿ ಎಂಜಿನಿಯರ್, ವಾರವಿಡೀ ಅಲ್ಲೇ. ಆಕೆ ಸಂಗೀತ ಬರೆಯುವವಳು. ಪಿಟೀಲು, ಚೆಲ್ಲೊ ನುಡಿಸುವವರಿಗೆ ಸ್ವರ ಬರೆದುಕೊಡುವುದು ಅವಳ ಕೆಲಸ. ಅವಳ ಕೃತಿಗಳನ್ನು ಯುರೋಪಿನ ದೊಡ್ಡ ಸಭಾಂಗಣಗಳಲ್ಲಿ ನುಡಿಸುತ್ತಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ನನಗೆ ಅವಳು ಗೋಡೆಯಾಚೆಯ ಗೆಳತಿ, ಅಷ್ಟೇ. ಅಂಗೈಯಗಲದ ರೆಕಾರ್ಡರ್ ಒಂದು ಸದಾ ಜೊತೆಗಿರುತ್ತಿತ್ತು. ಮೀನು ಹರಾಜಿನ ಕೂಗು, ಎಸಿಯಿಂದ ತೊಟ್ಟಿಕ್ಕುವ ನೀರು, ಎಲ್ಲ ಬೇಕು ಅವಳಿಗೆ. ಆದರೆ ಮೀನಿನವರ ಹತ್ತಿರವೂ ಮೊದಲು ಕೇಳುತ್ತಿದ್ದಳು. ಅವರು "ಯಲ್ಲಾ, ಆಗಲಿ" ಅಂದ ಮೇಲೆಯೇ ಗುಂಡಿ ಒತ್ತುತ್ತಿದ್ದಳು. ಅದು ನನಗೆ ತುಂಬ ಹಿಡಿಸಿತ್ತು.

ಕೊರೋನಾದಿಂದ ವಿಮಾನಗಳು ನಿಂತಿದ್ದಾಗ ಪುತ್ತೂರಿನಲ್ಲಿ ಅಮ್ಮ ತೀರಿಕೊಂಡರು. ಹೋಗಲಾಗಲಿಲ್ಲ. ಚಿತೆಯನ್ನು ಫೋನಿನಲ್ಲಿ ನೋಡಿದೆ. ಮಗಳೆದುರು ಅಳಲಾರದೆ ಪಕ್ಕದ ಮನೆಯ ಗೆಳತಿಯ ಅಡುಗೆಮನೆಗೆ ಹೋಗಿ ಕೂತೆ. ಗದ್ದೆಯಲ್ಲಿ ನೇಜಿ ನೆಡುವಾಗ ಅಮ್ಮ ಹಾಡುತ್ತಿದ್ದ ತುಳು ಹಾಡು ಬಾಯಿಗೆ ಬಂತು. ಎರಡು ಸಾಲು ಹಾಡುವುದು, ಬಿಕ್ಕುವುದು, ಮತ್ತೆ ಮೊದಲಿನಿಂದ... ಆಕೆ ನನ್ನ ಕೈ ಹಿಡಿದು ಕೂತಿದ್ದಳು. ಭಾಷೆ ತಿಳಿಯದವರ ಎದುರು ಅಳುವುದು ಎಷ್ಟು ಹಗುರ ಎಂದುಕೊಂಡೆ.

ಮುಂದೆ ಅವರು ತಮ್ಮ ದೇಶಕ್ಕೆ ಮರಳಿದರು. ಕಳೆದ ಚಳಿಗಾಲದಲ್ಲಿ ಅವಳ ಸಂದೇಶ ಬಂತು. ಹೊಸ ಕೃತಿ, ಮೊದಲ ಪ್ರದರ್ಶನ ಮಸ್ಕತ್ತಿನಲ್ಲಿ, ನೀನು ಬರಲೇಬೇಕು. ಮದುವೆಗೆಂಬಂತೆ ರೇಷ್ಮೆ ಸೀರೆ ಉಟ್ಟು, ಮಗಳನ್ನೂ ಕರೆದುಕೊಂಡು ಹೋದೆ.

ಪಿಟೀಲುಗಳು ಮೆಲ್ಲಗೆ ಶುರುವಾದವು. ನಡುವೆ ಎಲ್ಲ ನಿಂತು, ಸ್ಪೀಕರಿನಿಂದ ಹೆಂಗಸೊಬ್ಬಳ ದನಿ ಬಂತು. ತುಳು. ಎರಡು ಸಾಲು, ಒಂದು ಬಿಕ್ಕು, ಮೂಗು ಎಳೆದ ಸದ್ದು...

"ಅಮ್ಮಾ, ದಟ್ಸ್ ಯೂ," ಮಗಳು ಪಿಸುಗುಟ್ಟಿದಳು.

ನನ್ನ ಬಿಕ್ಕಿಗೆ ಚೆಲ್ಲೊ ಉತ್ತರ ಕೊಟ್ಟಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೃತಿ ಚೆನ್ನಾಗಿತ್ತು. ಅದೇ ಹೆಚ್ಚು ನೋಯಿಸಿತು.

ಹೊರಗೆ ಆಕೆ ನನ್ನನ್ನು ಅಪ್ಪಿಕೊಂಡು, "ನಿನ್ನ ಅಮ್ಮನಿಗೆ ಅರ್ಪಿಸಿದ್ದೇನೆ. ಸದ್ಯದಲ್ಲೇ ರೆಕಾರ್ಡಿಂಗೂ ಬರುತ್ತದೆ," ಎಂದಳು ಇಂಗ್ಲಿಷಿನಲ್ಲಿ.

"ನನ್ನನ್ನು ಯಾಕೆ ಕೇಳಲಿಲ್ಲ?"

"ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ."

"ಈಗ ಹೇಳ್ತಿದ್ದೇನೆ, ಬೇಡ. ನನ್ನ ದನಿ ತೆಗೆದುಬಿಡು."

ಆಕೆ ನೆಲ ನೋಡಿದಳು. "ಅದಿಲ್ಲದೆ ಈ ಕೃತಿಯೇ ಇಲ್ಲ," ಎಂದಳು.

ಆಗ ಹೊಳೆಯಿತು. ಅವತ್ತು ಒಂದು ಕೈ ನನ್ನ ಕೈ ಹಿಡಿದಿದ್ದಾಗಲೇ ಇನ್ನೊಂದು ಕೈ ಗುಂಡಿ ಒತ್ತಿತ್ತು. "ಖಲಾಸ್," ಎಂದು ಮಗಳ ಜೊತೆ ಕಾರಿನ ಕಡೆ ನಡೆದೆ.

ರೆಕಾರ್ಡಿಂಗ್ ಬಂತು. ಹೊಗಳಿಕೆಯ ವಿಮರ್ಶೆಗಳನ್ನು ಆಕೆ ಕಳಿಸಿದಳು. ನಾನು ಉತ್ತರಿಸಲಿಲ್ಲ.

ಈಗ ಆ ಪಕ್ಕದ ಮನೆಯಲ್ಲಿ ಧಾರವಾಡದ ಕಡೆಯ ಕುಟುಂಬವಿದೆ. ಮೊನ್ನೆ ಅಮ್ಮನ ತಿಥಿ. ಮನೆಯೊಡತಿ ನನ್ನ ಮುಖ ನೋಡಿ, "ಯಾಕ್ರೀ ಅಕ್ಕಾರ, ಕಣ್ಣು ಕೆಂಪಾಗ್ಯಾವಲ್ಲ? ಒಳಗ ಬರ್ರಿ, ಕೂಡ್ರಿ," ಎಂದು ಕರೆದು ಚಹಾ ಕೊಟ್ಟಳು. "ಏನಾತು ಹೇಳ್ರಿ," ಎಂದಳು.

ಒಳ್ಳೆಯವಳು. ಹೇಳಬೇಕೆನಿಸಿತು, ಬಾಯಿಯೂ ತೆರೆದೆ. ಕಣ್ಣು ಮಾತ್ರ ಮೇಜಿನ ಮೇಲಿದ್ದ ಅವಳ ಫೋನಿನ ಕಡೆ ಹೋಯಿತು.

"ಏನಿಲ್ಲ ಮಾರಾಯ್ತಿ," ಎಂದೆ, "ಹೊರಗೆ ಧೂಳು."