ಊನಾ ಕೂತ ಕಲ್ಲು

ಐರ್ಲೆಂಡಿನ ನಮ್ಮ ಸೀಮೆಯಲ್ಲಿ ಚರ್ಚಿಗೆ ಪಾದ್ರಿ ಇಲ್ಲದ ಊರಲ್ಲೂ ಗುಡ್ಡ ಕೆರೆಗಳ ಹೆಸರಿಗೆಲ್ಲ ಕಥೆ ಹೇಳುವ ಮುದುಕನೊಬ್ಬ ಇದ್ದೇ ಇರುತ್ತಾನೆ. ನಮ್ಮ ಪಾಲಿಗೆ ಬಂದವನು ನಿವೃತ್ತ ಪೋಸ್ಟ್‌ಮ್ಯಾನ್ ಕೊರ್ಮಕಜ್ಜ. ದಾರಿ ಕೇಳಿದವರಿಗೆ ದಾರಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾನೆ. ಕಥೆ ಕೇಳುವವರು ಡೆವಾನಿ ಮನೆಯವರಾದರೆ ಕುಂಟರಾಕ್ಷಸನ ಗುಡ್ಡದ ಕಥೆಯಲ್ಲಿ ರಾಕ್ಷಸ ಅವರ ಮುತ್ತಜ್ಜನ ಕೈಯಲ್ಲಿ ಕಾಲು ಮುರಿಸಿಕೊಳ್ಳುತ್ತಾನೆ. ಅವರಿಗಾಗದ ಟಿಮನಿ ಮನೆಯವರಾದರೆ ಅದೇ ಮುತ್ತಜ್ಜನ ಮೇಲೆ ಕೂತು ಅಪ್ಪಚ್ಚಿ ಮಾಡುತ್ತಾನೆ. "ಹೋದ ವಾರ ಬೇರೆ ಥರ ಹೇಳಿದ್ದೆಯಲ್ಲಜ್ಜ?" ಎಂದರೆ, "ಹೋದ ವಾರ ನೀನು ಚಹಾ ಕೊಡಿಸಿರಲಿಲ್ಲವಲ್ಲ!" ಎನ್ನುತ್ತಾನೆ. ಬೇರೆ ಯಾರಾದರೂ ಕಥೆ ಶುರು ಮಾಡಿದರೋ, ಮುಗೀತು. "ತಪ್ಪು, ತಪ್ಪು! ಕೆರೇಲಿ ಮುಳುಗಿದ್ದು ಬಿಳಿ ಹಸುವಲ್ಲ, ಕೆಂಪು ಹಸು" ಎಂದು ಭಾನುವಾರದ ಪ್ರವಚನದ ನಡುವೆ ಪಾದ್ರಿಯನ್ನೇ ತಡೆದ ಆಸಾಮಿ. ಒಂದು ಹೆಸರಿಗೆ ಮಾತ್ರ ಅವನ ಹತ್ತಿರ ಕಥೆಯಿಲ್ಲ. ಏರುದಾರಿಯಲ್ಲಿರುವ 'ಊನಾ ಕೂತ ಕಲ್ಲು'. ಕೇಳಿದರೆ "ಕೂತಿದ್ದಳು, ಅಷ್ಟೇ" ಎಂದು ಮುಂದೆ ನಡೆಯುತ್ತಾನೆ. ಊನಾ ಅವನ ಹೆಂಡತಿ. ಮಂಡಿನೋವಿನವಳು, ಹಾಲಿನ ಕ್ಯಾನು ಇಳಿಸಿ ದಿನಾ ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದಳು. ತೀರಿಕೊಂಡು ಮೂವತ್ತು ವರ್ಷ. ಅವಳನ್ನು ಕಂಡವರೂ ಈಗ ಹೆಚ್ಚು ಉಳಿದಿಲ್ಲ. ಮೊನ್ನೆ ಶಾಲೆಯ ಹೊಸ ಟೀಚರು ಮಕ್ಕಳನ್ನೆಲ್ಲ ಆ ಕಲ್ಲಿನ ಸುತ್ತ ನಿಲ್ಲಿಸಿ, "ಊನಾ ಅಂದ್ರೆ ಒಬ್ಬ ರಾಣಿ. ಇಲ್ಲಿ ಒಬ್ಬಳೇ ಕೂತು ಇಡೀ ಸೈನ್ಯಾನೇ ತಡೆದಳು" ಎಂದರು. ಪಕ್ಕದಲ್ಲಿದ್ದ ಅಜ್ಜನಿಂದ ಈಗ ಬಂತು 'ತಪ್ಪು' ಎಂದು ನಾನು ಕಾದೆ. ಅಜ್ಜ ಟೋಪಿ ತೆಗೆದು, ಮಕ್ಕಳ ಹಿಂದೆ ಹೋಗಿ ನಿಂತ. "ಆಮೇಲೆ ಏನಾಯ್ತು, ಟೀಚರ್?" ಎಂದ.